ಹೋಲ್ಡೆಮ್ ಆಡಬೇಕೇ, ಒಮಾಹಾ ಆಡಬೇಕೇ?

ಬೆಳಗಾವಿಯ ಟಿಳಕವಾಡಿಯಲ್ಲಿ ನಾವು ಇಸ್ಪೀಟು ಪ್ರಿಯರು ವರ್ಷಕ್ಕೊಮ್ಮೆ ಸೇರಿ, ಹಣವಿಲ್ಲದೆ ಬರಿಯ ಬಿಲ್ಲೆಗಳಿಂದ ನಡೆಸುವ ಪೋಕರ್ ಪಂದ್ಯಾವಳಿಗೆ ಹೊಸದಾಗಿ ಬರುವವರು ಹೋಲ್ಡೆಮ್, ಒಮಾಹಾ ಎಂಬ ಪೋಕರ್‌ನ ಎರಡು ಬಗೆಗಳಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಎರಡರಲ್ಲೂ ಮೇಜಿನ ನಡುವೆ 5 ಎಲೆಗಳು ತೆರೆದುಕೊಳ್ಳುತ್ತವೆ. ಹೋಲ್ಡೆಮ್‌ನಲ್ಲಿ ಕೈಗೆ 2 ಎಲೆಗಳು ಬರುವುದರಿಂದ ಆರಂಭದ ಸಂಯೋಜನೆಗಳು 1,326. ಒಮಾಹಾದಲ್ಲಿ 4 ಎಲೆಗಳು ಬರುವುದರಿಂದ ಅವು 2,70,725ಕ್ಕೇರುತ್ತವೆ. ಕೈಯಿಂದ 2, ಮೇಜಿನಿಂದ 3 ಎಲೆಗಳನ್ನೇ ಬಳಸಬೇಕೆಂಬ ಒಮಾಹಾದ ನಿಯಮವನ್ನು ರಮ್ಮಿಯಲ್ಲಿ ಪಳಗಿದವರೂ ಮರೆಯುವುದುಂಟು: ಮೇಜಿನ ಮೇಲೆ 4 ಆಟೀನು ಬಿದ್ದಿದ್ದರೂ ಕೈಯಲ್ಲಿ ಒಂದೇ ಆಟೀನು ಇದ್ದರೆ ಅಲ್ಲಿ ಫ್ಲಶ್ (ಒಂದೇ ಜಾತಿಯ 5 ಎಲೆಗಳ ಕೂಟ) ಆಗದು, ಹೋಲ್ಡೆಮ್‌ನಲ್ಲಾದರೆ ಆಗುತ್ತದೆ. ಒಮಾಹಾದ ಸೊಬಗು ನನಗೆ ಬಲು ಪ್ರಿಯವಾದರೂ, ಮೊದಲ ವರ್ಷ ಹೋಲ್ಡೆಮ್ ಆಡಿ, ಎದುರಾಳಿಯ ಪಣವನ್ನು ಓದಲು ಕಲಿಯಿರಿ ಎಂದೇ ಹೇಳುತ್ತೇನೆ.