ನಮ್ಮ ಪುಟ್ಟ ಕ್ರೂಸರ್ ದೋಣಿಗೆ ಹೊಲಿಸಿದ ಕ್ಯಾನ್ವಾಸ್ ಹೊದಿಕೆ: ಹದಿನಾಲ್ಕು ತಿಂಗಳ ಬಳಕೆಯ ನಂತರ

"ಇದನ್ನು ಹಾಕೋರು ಯಾರು, ತೆಗೆಯೋರು ಯಾರು?"

ಅಳತೆಗೆ ಬಂದ ಕ್ಯಾನ್ವಾಸ್ ಹೊಲಿಗೆಯವರು ಮೊದಲು ಕೇಳಿದ್ದು ಇಷ್ಟು. ಬಟ್ಟೆ ಯಾವ ಬಣ್ಣದ್ದು ಬೇಕು ಎಂಬ ಮಾತು ಆಮೇಲೆ ಬಂತು. ಹೆಚ್ಚಾಗಿ ನಾನೊಬ್ಬಳೇ ಎಂದೆ. ಬಲಗೈ ಹೆಬ್ಬೆರಳಿನ ಬುಡದಲ್ಲಿ ಸಂಧಿನೋವಿದೆ, ಚಳಿಯಲ್ಲಿ ಟಿಚ್ ಬಟನ್ ಒತ್ತುವುದಕ್ಕೂ ಕೀಳುವುದಕ್ಕೂ ಆಗುವುದಿಲ್ಲ ಎಂದೂ ಹೇಳಿದೆ. ಅವರು ನನ್ನ ಕೈ ನೋಡಿದರು, ಪುಸ್ತಕದಲ್ಲಿ ಏನೋ ಬರೆದುಕೊಂಡರು. ಈ ಹೊದಿಕೆ ನನಗೆ ಇಷ್ಟು ಒಗ್ಗಿರುವುದಕ್ಕೆ ಅರ್ಧ ಕಾರಣ ಆ ಪ್ರಶ್ನೆ.

ನಮ್ಮದು ಆರೂವರೆ ಮೀಟರ್ ಉದ್ದದ ಫೈಬರ್‌ಗ್ಲಾಸ್ ಕ್ರೂಸರ್. ಮುಂದೆ ಇಬ್ಬರು ಮಲಗುವಷ್ಟು ಕ್ಯಾಬಿನ್, ಹಿಂದೆ ಕೂತು ದೋಣಿ ನಡೆಸುವ ತೆರೆದ ಜಾಗ, ಅಂದರೆ ಕಾಕ್‌ಪಿಟ್. ಮೊದಲು ಒಂದು ಸಿದ್ಧ ಕವರ್ ತಂದಿದ್ದೆ, ದೋಣಿಯ ಉದ್ದವೊಂದನ್ನೇ ನೋಡಿ ಮಾರುವಂಥದ್ದು. ಕಾಕ್‌ಪಿಟ್ ಮೇಲೆ ಅದು ಜೋಲುತ್ತಿತ್ತು, ಮಳೆನೀರು ಅಲ್ಲೇ ನಿಲ್ಲುತ್ತಿತ್ತು. ಒಂದು ಚದರ ಮೀಟರ್ ಜಾಗದಲ್ಲಿ ಐದು ಸೆಂಟಿಮೀಟರ್ ನೀರು ನಿಂತರೆ ಐವತ್ತು ಲೀಟರ್, ಅಂದರೆ ಐವತ್ತು ಕಿಲೋ. ಆ ಭಾರಕ್ಕೆ ಬಟ್ಟೆ ಇನ್ನಷ್ಟು ಜಗ್ಗುತ್ತದೆ, ಜಗ್ಗಿದ ಗುಳಿಯಲ್ಲಿ ಮತ್ತಷ್ಟು ನೀರು ಸೇರುತ್ತದೆ. ಕೊನೆಗೆ ಹೊಲಿಗೆ ಬಿಟ್ಟಿತು. ಅದಕ್ಕಿಂತ ನೋವಾದದ್ದು, ಹೊಲಿಗೆ ಬಿಡುವ ಮುಂಚೆ, ಮೂರು ವಾರ ಮುಚ್ಚಿಟ್ಟು ತೆಗೆದ ದಿನ: ಒಂದು ಹನಿಯೂ ಒಳಗೆ ಸೋರಿರಲಿಲ್ಲ, ಆದರೂ ಮೆತ್ತೆಗಳ ತುಂಬ ಕಪ್ಪು ಬೂಷ್ಟು. ಹೊರಗಿನ ನೀರನ್ನು ತಡೆದ ಕವರ್ ಒಳಗಿನ ತೇವವನ್ನೂ ಹೊರಗೆ ಬಿಟ್ಟಿರಲಿಲ್ಲ.

ಆದ್ದರಿಂದ ಈ ಸಲ ಬಟ್ಟೆಯ ವಿಚಾರದಲ್ಲಿ ಬಹಳ ಹೊತ್ತು ಮಾತಾಡಿದೆವು. ಪಿವಿಸಿ ಲೇಪಿಸಿದ ಪಾಲಿಯೆಸ್ಟರ್ ಗಟ್ಟಿ, ನೀರು ಒಳಬರುವುದೇ ಇಲ್ಲ, ಆದರೆ ಉಸಿರಾಡುವುದಿಲ್ಲ. ನಾವು ಆರಿಸಿದ್ದು ಅಕ್ರಿಲಿಕ್ ಕ್ಯಾನ್ವಾಸ್. ಇದರ ಎಳೆ ತಯಾರಾಗುವಾಗಲೇ ಬಣ್ಣ ಒಳಗೆ ಬೆರೆತಿರುತ್ತದೆ. ಅರಿಸಿನ ಕೊಂಬು ಮುರಿದರೆ ಒಳಗೂ ಹಳದಿ ಇರುವ ಹಾಗೆ, ಮೇಲಿನ ಪದರ ಸವೆದರೂ ಕೆಳಗೆ ಅದೇ ಬಣ್ಣ. ಬಿಸಿಲಿಗೆ ಬೇಗ ಮಾಸುವುದಿಲ್ಲ. ಗಾಳಿಯಾಡುತ್ತದೆ. ಮೇಲಿನ ನೀರು ಜಾರುವ ಲೇಪ ಮಾತ್ರ ಕಾಲಕ್ರಮೇಣ ಹೋಗುತ್ತದೆ, ಮತ್ತೆ ಹಚ್ಚಬೇಕು. ಜೊತೆಗೆ ಮುಂದೊಂದು ಹಿಂದೊಂದು ಗಾಳಿಕಿಂಡಿ ಇಡಿಸಿದೆ. ದಾರದ ವಿಷಯದಲ್ಲಿ ಅವರು ಪಟ್ಟು ಹಿಡಿದರು: ಬಿಸಿಲಿನಲ್ಲಿ ಪಾಲಿಯೆಸ್ಟರ್ ದಾರ ಬಟ್ಟೆಗಿಂತ ಮೊದಲು ಸಾಯುತ್ತದೆ, ಬಿಸಿಲಿಗೆ ಜಗ್ಗದ ಪಿಟಿಎಫ್‌ಇ (ಟೆಫ್ಲಾನ್ ಜಾತಿಯ) ದಾರ ಹಾಕಿಸಿ ಎಂದು. ದುಬಾರಿ, ಆದರೂ ಒಪ್ಪಿದೆ.

ಅಳತೆಗೇ ಎರಡು ದಿನ ಹಿಡಿಯಿತು. ಇಷ್ಟು ಹೊತ್ತೇಕೆ ಎಂದು ಮೊದಲ ಮಧ್ಯಾಹ್ನ ನನಗೆ ಅಸಹನೆಯಾಗಿತ್ತು. ಮೊದಲು ಸ್ಟೇನ್‌ಲೆಸ್ ಕೊಳವೆಯ ಮೂರು ಕಮಾನು ನಿಲ್ಲಿಸಿ ಪಟ್ಟಿಗಳಿಂದ ಬಿಗಿದು, ನೀರು ಎರಡೂ ಬದಿಗೆ ಹರಿಯುವಷ್ಟು ಇಳಿಜಾರು ಬಂದಿದೆಯೇ ಎಂದು ನೋಡಿದರು. ಕಮಾನು ಸಡಿಲವಿದ್ದಾಗ ತೆಗೆದ ಅಳತೆ ದಂಡ. ಆಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸಿ, ಟೇಪಿನಿಂದ ಎಳೆದು ಅಂಟಿಸಿ, ಅದರ ಮೇಲೇ ಅಂಚು, ಜಿಪ್, ಹಗ್ಗ ಕಟ್ಟುವ ಕ್ಲೀಟ್, ವಿಂಡ್‌ಸ್ಕ್ರೀನಿನ ಮೂಲೆ ಎಲ್ಲವನ್ನೂ ಗುರುತು ಮಾಡಿದರು. ಎಡಕ್ಕೂ ಬಲಕ್ಕೂ ಬೇರೆ ಬೇರೆ ಹಾಳೆ. ಎರಡು ಬದಿಯೂ ಒಂದೇ ಅಲ್ಲವೇ ಎಂದೆ. ಅಳತೆಯ ಟೇಪು ಕೈಗೆ ಕೊಟ್ಟು ನೀವೇ ಅಳೆಯಿರಿ ಎಂದರು. ಒಂದೂವರೆ ಸೆಂಟಿಮೀಟರ್ ವ್ಯತ್ಯಾಸವಿತ್ತು!

ಕೂರಿಸುವ ದಿನ ನನ್ನ ಎದೆ ಹೊಡೆದುಕೊಂಡದ್ದು ಡ್ರಿಲ್ ನೋಡಿ. ಡೆಕ್ಕಿನ ಎರಡು ಫೈಬರ್ ಪದರಗಳ ನಡುವೆ ನಮ್ಮಲ್ಲಿ ಬಾಲ್ಸಾ ಮರವಿದೆ. ಒಂದು ಸ್ಕ್ರೂ ತೂತಿನಿಂದ ನೀರಿಳಿದರೂ ಅದು ಒಳಗೊಳಗೇ ಕೊಳೆಯುತ್ತದೆ. ಅವರು ಒಂದೇ ಸಲಕ್ಕೆ ಎಲ್ಲ ತೂತು ಕೊರೆಯಲಿಲ್ಲ. ಮುಂದಿನ ನಡುಬಿಂದುವಿನಿಂದ ಶುರುಮಾಡಿ ಎಡಕ್ಕೊಂದು ಬಲಕ್ಕೊಂದು, ಪ್ರತಿ ಸಲ ಬಟ್ಟೆಯನ್ನು ಕೈಯಲ್ಲಿ ಎಳೆದು ನೋಡಿ, ಗುರುತು ಹಾಕಿ, ಆಮೇಲೆ ತೂತು. ಮೊದಲು ಡ್ರಿಲ್ಲನ್ನು ಹಿಮ್ಮುಖ ತಿರುಗಿಸಿ ಫೈಬರ್ ಮೇಲಿನ ನುಣುಪು ಪದರವಾದ ಜೆಲ್‌ಕೋಟನ್ನು ಸವೆಸಿದರು, ನೇರ ಕೊರೆದರೆ ಅದು ಚಕ್ಕೆ ಏಳುತ್ತದಂತೆ. ತೂತಿನ ಬಾಯಿಯನ್ನು ಸ್ವಲ್ಪ ಅಗಲ ಮಾಡಿ, ಸೀಲೆಂಟ್ ತುಂಬಿ, ಉಪ್ಪುನೀರಿಗೂ ಬೇಗ ತುಕ್ಕು ಹಿಡಿಯದ 316 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂ ಹಾಕಿದರು. ಒಂದೊಂದು ತೂತಿಗೂ ಹೀಗೆಯೇ, ಒಂದನ್ನೂ ಅವಸರದಲ್ಲಿ ಮುಗಿಸಲಿಲ್ಲ.

ಟಿಚ್ ಬಟನ್ ಇರುವುದು ವಿಂಡ್‌ಸ್ಕ್ರೀನಿನ ಸುತ್ತ ಮಾತ್ರ, ನಾನು ಅದನ್ನು ಬಿಚ್ಚುವುದು ಅಪರೂಪ. ದಿನಾ ಕೈಹಾಕುವ ಪಕ್ಕಗಳಲ್ಲಿ ತಿರುಗಿಸುವ ಗುಂಡಿ, ಹತ್ತುವ ಕಡೆ ದಪ್ಪ ಹಲ್ಲಿನ ಪ್ಲಾಸ್ಟಿಕ್ ಜಿಪ್. ಜಿಪ್ ಎಳೆಯಲು ಇಡೀ ಮುಷ್ಟಿ ತೂರುವಷ್ಟು ಪಟ್ಟಿಯ ಕುಣಿಕೆ ಹೊಲಿದಿದ್ದಾರೆ. ನಾನು ಕೇಳಿರಲಿಲ್ಲ. ಮೊದಲ ಸಲ ಎಳೆದಾಗ ಕಣ್ಣು ತುಂಬಿತು.

ಕೊರತೆ ಇಲ್ಲವೆಂದಲ್ಲ. ಹೇಳಿದ ದಿನಕ್ಕಿಂತ ಐದು ವಾರ ತಡವಾಯಿತು, ಆ ಮಧ್ಯೆ ಒಂದು ಮಾತು ತಿಳಿಸಬಹುದಿತ್ತು. ಹಿಂದಿನ ಎಡ ಕ್ಲೀಟಿನ ಹತ್ತಿರ ಸವೆತಕ್ಕೆ ತೇಪೆ ಇಟ್ಟಿರಲಿಲ್ಲ. ಗಾಳಿಗೆ ಉಜ್ಜಿ ಉಜ್ಜಿ ನಾಲ್ಕೇ ತಿಂಗಳಿಗೆ ಅಲ್ಲಿ ಎಳೆ ಕಾಣತೊಡಗಿತು. ಫೋನ್ ಮಾಡಿದ್ದಕ್ಕೆ ಬಂದು ಚರ್ಮದ ತೇಪೆ ಹಾಕಿಕೊಟ್ಟರು, ಹಣ ಕೇಳಲಿಲ್ಲ.

ಇಂಥ ಹೊದಿಕೆ ಹಾಕಿಸುವವರಿಗೆ ಒಂದನ್ನು ಒತ್ತಿ ಹೇಳಬೇಕು. ಪಕ್ಕ, ಹಿಂಭಾಗ ಎಲ್ಲ ಮುಚ್ಚಿಕೊಂಡು ಎಂಜಿನ್ ಓಡಿಸಬೇಡಿ. ಹೊಗೆಯ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ದೋಣಿ ಚಲಿಸುವಾಗ ಹಿಂದಿನಿಂದ ಅದು ಒಳಕ್ಕೆ ಸೆಳೆಯಲ್ಪಡುತ್ತದೆ, ಪ್ರಜ್ಞೆ ತಪ್ಪಿದವರು ಮತ್ತೆ ಏಳದೇ ಹೋಗಬಹುದು. ನಾವು ಕ್ಯಾಬಿನ್ನಿನಲ್ಲಿ ಅದನ್ನು ಪತ್ತೆಹಚ್ಚುವ ಅಲಾರಂ ಇಟ್ಟಿದ್ದೇವೆ, ಆದರೂ ಹಿಂದಿನ ಪರದೆ ಸುತ್ತಿ ಕಟ್ಟದೆ ಕೀಲಿ ತಿರುಗಿಸುವುದಿಲ್ಲ.

ಆರೈಕೆ ಕಷ್ಟವಿಲ್ಲ. ಉಪ್ಪುನೀರು ಸಿಡಿದ ಮೇಲೆ ಸಿಹಿನೀರು ಹೊಯ್ಯುತ್ತೇನೆ, ಕೊಳೆಗೆ ಉಗುರುಬೆಚ್ಚಗಿನ ನೀರು, ಮೃದು ಸೋಪು, ಮೆತ್ತನೆಯ ಬ್ರಷ್. ಒದ್ದೆಯಾಗಿದ್ದಾಗ ಮಡಚುವುದಿಲ್ಲ. ಹೊದಿಕೆಯಲ್ಲಿರುವ ಪಾರದರ್ಶಕ ಪ್ಲಾಸ್ಟಿಕ್ ಕಿಟಕಿಗೆ ಅಮೋನಿಯಾ ಇರುವ ಗಾಜಿನ ಕ್ಲೀನರ್ ತಾಗಿಸಬಾರದು, ಮಂಜಾಗುತ್ತದೆ. ಚಳಿಯಲ್ಲಿ ಅದು ಪೆಡಸಾಗುವುದರಿಂದ ಆಗ ಸುತ್ತಿಡಲೂಬಾರದು.

ಹದಿನಾಲ್ಕು ತಿಂಗಳಾಯಿತು, ಮೆತ್ತೆಗಳಲ್ಲಿ ಬೂಷ್ಟಿಲ್ಲ, ಹೊದಿಕೆಯ ಮೇಲೆ ನೀರು ನಿಂತದ್ದನ್ನು ನಾನು ನೋಡಿಲ್ಲ. ಮೊದಲು ಹಾಳಾಗುವುದು ಕಿಟಕಿಯೇ, ಬಟ್ಟೆಯಲ್ಲ ಎಂದು ಅವರು ಆಗಲೇ ಹೇಳಿದ್ದಾರೆ. ಅದಕ್ಕೆಂದೇ ಕಿಟಕಿಯ ತುಂಡನ್ನು ಬೇರೆ ಜಿಪ್ಪಿನಲ್ಲಿ ಕೂರಿಸಿದ್ದಾರೆ, ಅದೊಂದನ್ನೇ ಬದಲಿಸಬಹುದು. ಅಳತೆಯ ಪ್ಲಾಸ್ಟಿಕ್ ಹಾಳೆಗಳನ್ನು ಸುತ್ತಿ, ನಮ್ಮ ದೋಣಿಯ ಹೆಸರು ಬರೆದು, ತಮ್ಮ ಅಟ್ಟದ ಮೇಲೆ ಇಟ್ಟುಕೊಂಡಿದ್ದಾರೆ.