ಐಎಸ್‌ಓ ಇಂಟರ್ನಲ್ ಆಡಿಟ್ ‘ನಾವೇ ಬರೆದು ಕೊಡ್ತೇವೆ’ ಅಂತ ಬರುವವರಿಂದ ಹುಷಾರು

ಗೇರುಬೀಜ, ಮೀನು, ಕೋಕಂ, ಅಡಿಕೆ, ಯಾವ ಘಟಕ ನಡೆಸುವವರೇ ಇರಲಿ, ಇದನ್ನು ಪೂರ್ತಿ ಓದಿ. ಐಎಸ್‌ಓ 9001 ಅಂದರೆ ಗುಣಮಟ್ಟದ ವ್ಯವಸ್ಥೆಗೆ ಇರುವ ಅಂತರರಾಷ್ಟ್ರೀಯ ಮಾನದಂಡ. ಕೆಲಸ ಅದರ ಪ್ರಕಾರ ನಡೆಯುತ್ತಿದೆಯಾ ಅಂತ ಘಟಕವೇ ಮಾಡಿಕೊಳ್ಳುವ ತಪಾಸಣೆ ಇಂಟರ್ನಲ್ ಆಡಿಟ್. ‘ಐಎಸ್‌ಓ 9001 ಮಾಡಿಸಿಕೊಡ್ತೇವೆ, ಇಂಟರ್ನಲ್ ಆಡಿಟ್ ಕೂಡ ನಮ್ಮದೇ, ನೀವು ಸಹಿ ಹಾಕಿದರೆ ಸಾಕು’ ಅಂತ ಯಾರಾದರೂ ಬಂದರೆ ಅಲ್ಲೇ ತಡೆಯಿರಿ. ನಮಗೆ ಹೀಗೇ ಹೇಳಿ ಮೋಸ ಮಾಡಿದ್ದಾರೆ. ಬರೆಯುವಾಗಲೂ ಕೈ ನಡುಗುತ್ತಿದೆ, ಅಷ್ಟು ಸಿಟ್ಟು ಬಂದಿದೆ.

ನಮ್ಮದು ಕುಮಟಾ ಹತ್ತಿರದ ಗೇರುಬೀಜ ಘಟಕ. ಮೂವತ್ತು ಚಿಲ್ಲರೆ ಜನ, ಹೆಚ್ಚಿನವರು ಹೆಂಗಸರು. ದೊಡ್ಡ ಖರೀದಿದಾರರೊಬ್ಬರು ಸರ್ಟಿಫಿಕೇಟ್ ಇದ್ದರೆ ಮಾತ್ರ ಮುಂದಿನ ಮಾತು ಅಂದರು. ಪರಿಚಯದವರ ಮೂಲಕ ಒಬ್ಬ ಕನ್ಸಲ್ಟಂಟ್ ಸಿಕ್ಕಿದ. ಅರ್ಧ ಅಡ್ವಾನ್ಸ್, ಉಳಿದದ್ದು ಸರ್ಟಿಫಿಕೇಟ್ ಕೈಗೆ ಬಂದಾಗ. ಎಲ್ಲರೂ ಮಾಡುವ ವ್ಯವಹಾರವೇ, ಅಲ್ವಾ? ಬಂದ, ಬೋರ್ಮಾದ (ಗೇರುಬೀಜದ ತಿರುಳು ಒಣಗಿಸುವ ಬಿಸಿಗೂಡು) ಫೋಟೋ ತೆಗೆದ, ಚಹಾ ಕುಡಿದು ಹೋದ. ಆಮೇಲೆ ದಪ್ಪ ಫೈಲ್ ಬಂತು. ಸರ್ಟಿಫಿಕೇಟ್ ಆಡಿಟ್ ಅಂತ ಒಂದು ವೀಡಿಯೋ ಕಾಲ್ ಆಯ್ತು, ಚಹಾ ಹೊತ್ತಿಗೆ ಅದೂ ಮುಗಿಯಿತು. ಸರ್ಟಿಫಿಕೇಟ್ ಫ್ರೇಮ್ ಹಾಕಿಸಿಯೇ ಕಳಿಸಿದ್ದರು.

ಖರೀದಿದಾರರ ಕ್ವಾಲಿಟಿ ಮೇಡಂ ಘಟಕ ನೋಡಲು ಬಂದರು. ಮೊದಲು ಕೇಳಿದ್ದೇ ಇಂಟರ್ನಲ್ ಆಡಿಟ್ ವರದಿ. ನಾನು ಧೈರ್ಯವಾಗಿ ಫೈಲ್ ಕೊಟ್ಟೆ. ಅವರು ಪುಟ ತಿರುಗಿಸುತ್ತಾ ಒಂದು ಕಡೆ ನಿಂತರು. ‘ನಿಮ್ಮಲ್ಲಿ ವೆಲ್ಡಿಂಗ್ ಎಲ್ಲಿ ಮಾಡ್ತೀರಿ?’ ಅಂದರು. ನನಗೆ ಅರ್ಥವೇ ಆಗಲಿಲ್ಲ. ಪುಟ ನನ್ನ ಕಡೆ ತಿರುಗಿಸಿದರು. ‘ವೆಲ್ಡಿಂಗ್ ರಾಡ್‌ಗಳನ್ನು ಒಣಗಿದ ಜಾಗದಲ್ಲಿ ಇಡಲಾಗಿದೆ, ಸರಿ ಇದೆ’ ಅಂತ ಬರೆದಿತ್ತು. ಗೇರುಬೀಜ ಘಟಕದ ವರದಿಯಲ್ಲಿ! ಯಾವುದೋ ಫ್ಯಾಬ್ರಿಕೇಶನ್ ಶೆಡ್ಡಿನ ವರದಿಗೆ ನಮ್ಮ ಹೆಸರು ಅಂಟಿಸಿದ್ದರು.

ಅಲ್ಲಿಗೇ ಮುಗಿಯಲಿಲ್ಲ. ಆಡಿಟ್ ನಡೆದ ತಾರೀಖು ನೋಡಿದರೆ ಶಿರಸಿ ಮಾರಿಕಾಂಬಾ ಜಾತ್ರೆಗೆ ಹೋಗಲು ನಾವು ಎಲ್ಲರಿಗೂ ರಜೆ ಕೊಟ್ಟ ದಿನ. ಆವತ್ತು ಗೇಟಿಗೆ ಬೀಗ. ಆಡಿಟರ್ ಅಂತ ಸಹಿ ಮಾಡಿದವನ ಮುಖ ನಮ್ಮಲ್ಲಿ ಯಾರೂ ನೋಡಿಲ್ಲ. ಸೂಪರ್‌ವೈಸರ್ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಮೇಡಂ ಏನೂ ಬೈಯಲಿಲ್ಲ, ಫೈಲ್ ಮುಚ್ಚಿದರು, ಅಷ್ಟೇ. ನಾಚಿಕೆಯಲ್ಲಿ ತಲೆ ಎತ್ತಲು ಆಗಲಿಲ್ಲ.

ಕನ್ಸಲ್ಟಂಟ್‌ಗೆ ಫೋನ್ ಮಾಡಿದೆ. ಅವನ ಉತ್ತರ ಕೇಳಿ. ‘ಸರ್, ಟೈಪಿಂಗ್ ಮಿಸ್ಟೇಕ್. ಹೊಸ ಪಿಡಿಎಫ್ ಕಳಿಸ್ತೇನೆ.’ ಕಳಿಸಿದ. ವೆಲ್ಡಿಂಗ್ ಸಾಲು ತೆಗೆದಿದ್ದ, ಜಾತ್ರೆಯ ತಾರೀಖು ಹಾಗೇ ಇತ್ತು! ಮತ್ತೆ ಕೇಳಿದರೆ, ‘ಸಿಸ್ಟಮ್ ಎಲ್ಲ ಕಂಪನಿಗೂ ಒಂದೇ ಸರ್.’ ಒಂದೂ ಕೊರತೆ ಬರೆದಿಲ್ಲವಲ್ಲ ಅಂದರೆ, ‘ಕೊರತೆ ತೋರಿಸಿದರೆ ಸರ್ಟಿಫಿಕೇಟ್ ಸಿಗಲ್ಲ.’ ಕೊನೆಗೆ, ‘ನಿಮಗೆ ಬೇಕಿದ್ದದ್ದು ಸರ್ಟಿಫಿಕೇಟ್, ಸಿಕ್ತಲ್ಲ? ಇನ್ನೇನು?’ ಈ ಮಾತು ಇವತ್ತಿಗೂ ಚುಚ್ಚುತ್ತದೆ.

ಕೊರತೆ ತೋರಿಸಿದರೆ ಸರ್ಟಿಫಿಕೇಟ್ ಸಿಗಲ್ಲ ಅನ್ನುವುದು ಶುದ್ಧ ಸುಳ್ಳು. ಐಎಸ್‌ಓ 9001:2015ರ 9.2ನೇ ಕಲಮು ಇಂಟರ್ನಲ್ ಆಡಿಟ್ ಬಗ್ಗೆಯೇ ಇದೆ. ಪಕ್ಷಪಾತವಿಲ್ಲದೆ ನೋಡಬೇಕು, ಸಿಕ್ಕ ಕೊರತೆಯನ್ನು ತಡ ಮಾಡದೆ ಸರಿಪಡಿಸಬೇಕು, ದಾಖಲೆ ಇಡಬೇಕು ಅನ್ನುತ್ತದೆ. ಕೊರತೆಯ ಕಾರಣ ಹುಡುಕಿ ಅದು ಮರುಕಳಿಸದ ಹಾಗೆ ಮಾಡಲು 10.2 ಇದೆ. ಕೊರತೆ ಇರಲೇಬಾರದು ಅಂತಾದರೆ 10.2 ಯಾಕೆ ಬೇಕಿತ್ತು?

ಆ ಮೇಡಂ ಹೇಳಿಕೊಟ್ಟ ಹಾಗೆ ಆಮೇಲೆ ನಾವೇ ಆಡಿಟ್ ಮಾಡಿದೆವು. ಗೋದಾಮಿನಿಂದ ಪ್ಯಾಕ್ ಆದ ಒಂದು ಡಬ್ಬಿ ತೆಗೆದುಕೊಂಡು ಹಿಂದೆ ಹಿಂದೆ ಹೋದೆವು. ಯಾವ ಲಾಟ್, ಯಾವ ದಿನ ಗ್ರೇಡಿಂಗ್, ಬೋರ್ಮಾದಿಂದ ಇಳಿಸಿದಾಗ ತೇವಾಂಶ ಎಷ್ಟು, ಅಳೆದವರು ಯಾರು. ಪ್ಯಾಕಿಂಗ್‌ನವಳು ಬೋರ್ಮಾ ನೋಡಿದಳು, ಬೋರ್ಮಾದವನು ಪ್ಯಾಕಿಂಗ್ ನೋಡಿದ. ತಮ್ಮ ಕೆಲಸವನ್ನು ತಾವೇ ಆಡಿಟ್ ಮಾಡುವ ಹಾಗಿಲ್ಲ. ತೇವಾಂಶ ಅಳೆಯುವ ಮೀಟರ್‌ನ ಕ್ಯಾಲಿಬ್ರೇಶನ್ (ಸರಿಯಾಗಿ ಅಳೆಯುತ್ತಿದೆಯಾ ಅಂತ ಮಾಡಿಸುವ ಪರೀಕ್ಷೆ) ಅವಧಿ ಮುಗಿದಿತ್ತು. ತಿರುಳಿನ ತೇವಾಂಶ 5 ಪರ್ಸೆಂಟ್ ದಾಟಬಾರದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಆ ಮೀಟರನ್ನು ನಂಬಿ ಮಾಲು ಕಳಿಸಿದ್ದರೆ? ಕನ್ಸಲ್ಟಂಟ್ ಕೊಟ್ಟ ವರದಿಯಲ್ಲಿ ಮೀಟರ್ ಮುಂದೆಯೂ ‘ಸರಿ ಇದೆ’ ಅಂತಲೇ ಇತ್ತು. ಹಣ ಹೋದದ್ದಕ್ಕಿಂತ ಇದಕ್ಕೇ ನನಗೆ ಜಾಸ್ತಿ ಸಿಟ್ಟು.

ಸರ್ಟಿಫಿಕೇಟ್ ಕಥೆಯೂ ಅಷ್ಟೇ. ಕೊಟ್ಟ ಸಂಸ್ಥೆ ಮತ್ತು ಕನ್ಸಲ್ಟಂಟ್ ಒಂದೇ ಕಡೆಯವರು. ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳಿಗೇ ಇರುವ ಮಾನದಂಡ ಐಎಸ್‌ಓ/ಐಇಸಿ 17021-1. ಅದರ ಪ್ರಕಾರ ಸರ್ಟಿಫಿಕೇಟ್ ಕೊಡುವವರು ಕನ್ಸಲ್ಟೆನ್ಸಿ ಮಾಡುವಂತಿಲ್ಲ. ಹಾಗೆಯೇ, 26ರಿಂದ 45 ಜನರ ಘಟಕಕ್ಕೆ ಮೊದಲ ಸರ್ಟಿಫಿಕೇಶನ್ ಆಡಿಟ್‌ನ ಲೆಕ್ಕ 4 ದಿನದಿಂದ ಶುರುವಾಗುತ್ತದೆ. ಕಾರಣ ತೋರಿಸಿ ಕಡಿಮೆ ಮಾಡಬಹುದು, ಆದರೆ ಒಂದು ವೀಡಿಯೋ ಕಾಲ್‌ಗೆ ಇಳಿಸಲು ಆಗುವುದಿಲ್ಲ.

ಹಣ ಕೊಡುವ ಮೊದಲು ಸರ್ಟಿಫಿಕೇಟ್ ಕೊಡುವ ಸಂಸ್ಥೆಯ ಹೆಸರು ಕೇಳಿ, ಅದಕ್ಕೆ ಎನ್‌ಎಬಿಸಿಬಿ (ಇಂಥ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ಭಾರತದ ಮಂಡಳಿ) ಅಥವಾ ಅಂಥದ್ದೇ ಮಂಡಳಿಯ ಮಾನ್ಯತೆ ಇದೆಯಾ ನೀವೇ ನೋಡಿ. ‘ಐಎಸ್‌ಓದವರೇ ಕೊಡುತ್ತಾರೆ’ ಅಂದರೆ ನಂಬಬೇಡಿ, ಐಎಸ್‌ಓ ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ಹೊರಗಿನವರಿಂದ ಇಂಟರ್ನಲ್ ಆಡಿಟ್ ಮಾಡಿಸುವುದು ತಪ್ಪಲ್ಲ. ಆದರೆ ಅವರು ಕೆಲಸ ನಡೆಯುವಾಗ ಬಂದು, ನಿಮ್ಮ ಜನರ ಹತ್ತಿರ ಮಾತಾಡಿ ಬರೆಯಬೇಕು.

ಹಣ ವಾಪಸ್ ಕೇಳಿದ್ದೇನೆ. ಮೆಸೇಜ್ ನೋಡುತ್ತಾನೆ, ಉತ್ತರ ಕೊಡುವುದಿಲ್ಲ. ಈಗ ಅಂಕೋಲಾ, ಕಾರವಾರ ಕಡೆಯ ಮೀನಿನ ಘಟಕಗಳಿಗೆ ಓಡಾಡುತ್ತಿದ್ದಾನೆ ಅಂತ ಕೇಳಿದೆ. ಆ ಕಡೆ ನಿಮ್ಮವರು ಯಾರಾದರೂ ಇದ್ದರೆ ದಯವಿಟ್ಟು ಇವತ್ತೇ ಹೇಳಿ.