ಚರ್ಚೆಗೆ ಯಾವ ಯುದ್ಧ ಚಿತ್ರ: 'ಹಕೀಕತ್', 'ಬಾರ್ಡರ್' ಅಥವಾ 'ಮುತ್ತಿನ ಹಾರ'?

ಕಾಲೇಜು ಮಕ್ಕಳಿಗೆ ಒಂದೇ ಒಂದು ಯುದ್ಧ ಚಿತ್ರ ತೋರಿಸಿ, ದೇಶ ಮತ್ತು ನೆನಪಿನ ಬಗ್ಗೆ ಮಾತಾಡಿಸಬೇಕು, ಯಾವುದಾದೀತು ಎಂದು ಕೇಳಿದ್ದೀರಿ.

ಮೊದಲು ಇತಿಹಾಸಕ್ಕೆ ನಿಷ್ಠೆ. 'ಬಾರ್ಡರ್' (1997) 1971ರ ಭಾರತ-ಪಾಕ್ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ನಡೆದ ಲೋಂಗೆವಾಲಾ ಕಾಳಗದ ಕತೆ. ತೆರೆಯ ಮೇಲೆ ನಮ್ಮವರು ಒಬ್ಬರ ಹಿಂದೊಬ್ಬರು ಸಾಯುತ್ತಾರೆ. ನಿಜದಲ್ಲಿ ಅಲ್ಲಿ ಮಡಿದ ಭಾರತೀಯ ಯೋಧರು ಇಬ್ಬರು. ಪಾಕಿಸ್ತಾನದ ಟ್ಯಾಂಕುಗಳ ಸೊಂಟ ಮುರಿದದ್ದು ಬಹುಪಾಲು ವಾಯುಪಡೆಯ ಹಂಟರ್ ವಿಮಾನಗಳು. ಆದರೂ ಲೋಂಗೆವಾಲಾ ಎಂದರೆ ನಮ್ಮ ಕಣ್ಮುಂದೆ ಬರುವುದು ಸನ್ನಿ ಡಿಯೋಲ್! ದಾಖಲೆ ಮತ್ತು ದೃಶ್ಯ ಎರಡನ್ನೂ ಎದುರುಬದುರು ಇಟ್ಟು ನೋಡುವ ವ್ಯವಧಾನ ಇದ್ದರೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗದು. ಇಲ್ಲದಿದ್ದರೆ ಶಿಳ್ಳೆಯಲ್ಲೇ ಮುಗಿಯುತ್ತದೆ.

ಸೋಲನ್ನು ಹೇಗೆ ನೆನೆಯುತ್ತೇವೆ ಎಂಬ ಪ್ರಶ್ನೆಗೆ 'ಹಕೀಕತ್' (1964). 1962ರ ಚೀನಾ ಯುದ್ಧದಲ್ಲಿ ಸೋತ ಗಾಯ ಹಸಿಯಾಗಿದ್ದಾಗಲೇ ಚೇತನ್ ಆನಂದ್ ಮಾಡಿದ ಕಪ್ಪು-ಬಿಳುಪು ಚಿತ್ರ. ಸೋಲು ಅಲ್ಲಿ ತ್ಯಾಗವಾಗುತ್ತದೆ. ಸಿದ್ಧತೆ ಏಕಿರಲಿಲ್ಲ ಎಂಬುದು ಹಿಂದೆ ಸರಿಯುತ್ತದೆ. ನಿಧಾನಗತಿಯ ಚಿತ್ರ, ತಾಳ್ಮೆಯಿರುವ ಗುಂಪಿಗೆ ಮಾತ್ರ.

ಮನೆಯವರು ತೆತ್ತ ಬೆಲೆ ಮುಖ್ಯವೆನ್ನುವುದಾದರೆ ರಾಜೇಂದ್ರಸಿಂಗ್ ಬಾಬು ಅವರ 'ಮುತ್ತಿನ ಹಾರ' (1990). ಕೊಡಗಿನ ಯೋಧನಾಗಿ ವಿಷ್ಣುವರ್ಧನ್, ಹೆಂಡತಿಯಾಗಿ ಸುಹಾಸಿನಿ. ಭಾಷೆಯ ತೊಡಕಿಲ್ಲ, ಕಣ್ಣೀರು ಸ್ವಲ್ಪ ಹೆಚ್ಚೇ. ಕೊಡಗು, ಹಾಸನದ ಕಡೆಯ ತರಗತಿಯಾದರೆ ಇದನ್ನೇ ಹಾಕಿ, ಮಕ್ಕಳು ತಮ್ಮ ಮನೆಯ ಕತೆ ಹೇಳಲು ಶುರುಮಾಡಬಹುದು.